ಬಿಂಬುಳಿ ರಸಕ್ಕೆ ಸುಣ್ಣ

ನಮ್ಮ ಬಂಟ್ವಾಳದ ಮನೆಯಲ್ಲಿ ಪಾತ್ರೆಗಳಿಗೆ ಎರಡು ಜಾತಿ ಇತ್ತು. ಒಂದು ಊಟದ್ದು, ಇನ್ನೊಂದು ಅಮ್ಮನದ್ದು. ಊಟದವು ಅಡುಗೆಮನೆಯಲ್ಲಿ, ಅಮ್ಮನವು ಬಚ್ಚಲಿನಲ್ಲಿ. ಒಂದು ಇನ್ನೊಂದರ ಹತ್ತಿರ ಬರಬಾರದು. ಬಂದರೆ ಅಜ್ಜಿ ಅದನ್ನು ಬೂದಿ ಹಾಕಿ ತಿಕ್ಕುತ್ತಿದ್ದರು, ಅಮ್ಮನೂ ತಿಕ್ಕುತ್ತಿದ್ದಳು. ಕಾರಣ ಮಾತ್ರ ಬೇರೆ. ಅಜ್ಜಿಗೆ ಅಮ್ಮನ ಪುಡಿ ಅನ್ನಕ್ಕೆ ಬೀಳುವ ಹೆದರಿಕೆ, ಅಮ್ಮನಿಗೆ ಅನ್ನದ ಗಂಜಿ ತನ್ನ ಪುಡಿಗೆ ಬೀಳುವ ಹೆದರಿಕೆ. ಅತ್ತೆ ಸೊಸೆ ಒಮ್ಮತದಿಂದ ಮಾಡುವ ಕೆಲಸ ಇದೊಂದೇ ಎಂದು ಅಪ್ಪ ಹೇಳಿ ನಗುತ್ತಿದ್ದರು. ಆಗ ಮನೆಯಲ್ಲಿ ನಗುವುದಕ್ಕೆ ಯಾರಿಗೂ ಅಡ್ಡಿ ಇರಲಿಲ್ಲ. ನಾವು ಇದ್ದದ್ದು ನಾಲ್ಕೇ ಜನ: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು. ಐದನೆಯವರಾಗಿ ಆಗಾಗ ಬಂದು, ಬಂದಾಗೆಲ್ಲ ಹತ್ತು ಜನರಷ್ಟು ಜಾಗ ಹಿಡಿಯುತ್ತಿದ್ದವರು ಅಪ್ಪನ ಅಕ್ಕ, ವಿಟ್ಲದ ಅತ್ತೆ.

ಎದುರಿಗೆ ಅಪ್ಪನ ಬ್ಯಾಟರಿ ಅಂಗಡಿ, ಹಿಂದೆ ಮನೆ. ಬಸ್ಸು, ಲಾರಿ, ಜೀಪುಗಳ ಬ್ಯಾಟರಿಗಳು ಚಾರ್ಜಿಗೆ ಬಂದು ಸಾಲಾಗಿ ಕುಳಿತು ಗುಳುಗುಳು ಎನ್ನುತ್ತಿದ್ದವು. ಆಸಿಡ್ ಸಿಡಿದು ಅಪ್ಪನ ಅಂಗಿಗಳಲ್ಲೆಲ್ಲ ಸಣ್ಣ ಸಣ್ಣ ತೂತು; ಮದುವೆಗೆ ಹೊರಟರೂ ಅಮ್ಮ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿಯೇ ಕೊಡುವುದು. ನಡುಕೋಣೆಯಲ್ಲಿ ಅಜ್ಜಿಯ ಮಂಚ. ಅಲ್ಲಿಂದ ಅಂಗಡಿಯೂ ಕಾಣಬೇಕು, ಅಡುಗೆಮನೆಯೂ ಕಾಣಬೇಕು. ಸಣ್ಣ ಹಿತ್ತಿಲು ದಾಟಿದರೆ ತಾಮ್ರದ ಹಂಡೆಯ ಬಚ್ಚಲು, ಅದರ ಹಿಂದೆ ಒಂದು ಬಿಂಬುಳಿ ಮರ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುವ, ಬೆರಳುದ್ದದ ಆ ಹಸಿರು ಹುಳಿಕಾಯಿಯನ್ನು ನಾವು ಮೀನಿನ ಸಾರಿಗೆ ಹಾಕುತ್ತಿದ್ದೆವು, ಉಪ್ಪಿನಕಾಯಿಗೆ ಹಾಕುತ್ತಿದ್ದೆವು, ಹಿತ್ತಾಳೆ ತಿಕ್ಕಲಿಕ್ಕೂ ಅದನ್ನೇ ಉಜ್ಜುತ್ತಿದ್ದೆವು. ಮಳೆಗಾಲದಲ್ಲಿ ನೇತ್ರಾವತಿ ಪೇಟೆಗೆ ಹತ್ತುವ ಸೂಚನೆ ಸಿಕ್ಕಿದ ಕೂಡಲೇ ಮನೆಯ ಸಾಮಾನು ಅಟ್ಟಕ್ಕೆ ಏರಬೇಕು, ಆಗ ಮೊದಲು ಅಕ್ಕಿಯೋ ಮೊದಲು ಅಮ್ಮನ ಸೀಸೆಗಳೋ ಎಂದು ಪ್ರತಿ ವರ್ಷ ಜಗಳ. ನೀರು ಮೊಣಕಾಲಿಗೆ ಬಂದರೂ ಆ ಜಗಳ ಮುಗಿಯುತ್ತಿರಲಿಲ್ಲ.

ಅಮ್ಮ ಮುಂಡಾಜೆಯವಳು. ಮೂಡುಬಿದಿರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಪಿಯುಸಿ ವಿಜ್ಞಾನ ಓದಿದ್ದಳು. ಅಲ್ಲಿಗೆ ಓದು ನಿಂತು ಮದುವೆಯಾಯಿತು. ಕಾಲೇಜಿನ ಪ್ರಯೋಗಶಾಲೆಯ ಆ ಎರಡು ವರ್ಷ ಅವಳಿಗೆ ಸಾಲಲಿಲ್ಲ ಎಂದು ಕಾಣುತ್ತದೆ. ಬಚ್ಚಲಿನಲ್ಲಿ ಅವಳು ಮಾಡುತ್ತಿದ್ದದ್ದು ಲವಣಗಳನ್ನು ಶುದ್ಧ ಮಾಡುವ ಕೆಲಸ. ಊಟದ ಉಪ್ಪಲ್ಲ, ಹುಳಿಗಳಿಂದ ಹುಟ್ಟುವ ಉಪ್ಪುಗಳು. ಲಿಂಬೆ, ಹುಣಸೆ, ವಿನೆಗರ್, ಯಾವ ಹುಳಿಯಾದರೂ ಸರಿ, ಅದಕ್ಕೆ ಸೋಡವನ್ನೋ ಎಲೆಯಡಿಕೆಯ ಸುಣ್ಣವನ್ನೋ ಕೂಡಿಸಿದರೆ ಒಂದು ಉಪ್ಪು ಬರುತ್ತದೆ. ಬರುವಾಗ ಕೊಳಕಾಗಿ, ಕಂದು ಬಣ್ಣವಾಗಿ ಬರುತ್ತದೆ. ಅದನ್ನು ಅವಳು ಕುದಿಯುವ ನೀರಿನಲ್ಲಿ ಕರಗಿಸುತ್ತಿದ್ದಳು. ಎಷ್ಟು ಬೇಕೋ ಅಷ್ಟೇ ನೀರು, ಒಂದು ಚಮಚ ಹೆಚ್ಚಾದರೂ ಕೆಲಸ ಕೆಟ್ಟಿತು. ಬಿಸಿಯಲ್ಲೇ ಬಟ್ಟೆಯಲ್ಲಿ ಸೋಸಿ, ಹಂಡೆಯ ಮಗ್ಗುಲಿನ ಬೆಚ್ಚಗಿನ ಬೂದಿಯ ಮೇಲಿಟ್ಟು, ಮುಚ್ಚಿ, ನಮ್ಮನ್ನೆಲ್ಲ ಹೊರಗೆ ಅಟ್ಟುತ್ತಿದ್ದಳು. ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ನಾನು ಓಡಿ ಹೋಗಿ ಮುಚ್ಚಳ ತೆಗೆಯುತ್ತಿದ್ದೆ. ತಳದಲ್ಲಿ ಸೂಜಿಗಳ ಹಾಗೆ ಹರಳು ನಿಂತಿರುತ್ತಿತ್ತು. ಅದನ್ನು ಸೋಡದಂಗಡಿಯ ಐಸಿನ ನೀರಿನಲ್ಲಿ ಒಮ್ಮೆ ತೊಳೆದು, ಮತ್ತೆ ಕರಗಿಸಿ, ಮತ್ತೆ ಹರಳು ಮಾಡಿಸುತ್ತಿದ್ದಳು.

"ಬಿಸಿ ಇರುವಾಗ ಎಲ್ಲರೂ ಎಲ್ಲರೊಟ್ಟಿಗೆ ಇರ್ತಾರೆ," ಎನ್ನುತ್ತಿದ್ದಳು. "ತಣ್ಣಗಾಗುವಾಗ ಒಂದೇ ಬಗೆಯವರು ಒಟ್ಟಾಗ್ತಾರೆ, ಕೊಳೆ ನೀರಲ್ಲೇ ಉಳೀತದೆ. ಅವಸರ ಮಾಡಿದ್ರೆ ಮಾತ್ರ ಕೊಳೆಯನ್ನೂ ಒಳಗೆ ಹಾಕಿಕೊಂಡು ಗಟ್ಟಿಯಾಗ್ತದೆ. ಮತ್ತೆ ಮೊದಲಿಂದ ಮಾಡ್ಬೇಕು."

"ಇದೆಲ್ಲ ಮಾಡಿ ಎಂತ ಸಿಗ್ತದೆ ನಿನಗೆ?" ಎಂದು ವಿಟ್ಲದ ಅತ್ತೆ ಕೇಳಿದ್ದುಂಟು.

"ಶುದ್ಧ ಆಯ್ತಲ್ಲ ಅತ್ತಿಗೆ."

"ಆಗಿ?"

"ಆಗಿ ಎಂತ ಇಲ್ಲ. ಆಯ್ತು."

ಈ ಉತ್ತರ ಅತ್ತೆಗೆ ಜನ್ಮದಲ್ಲಿ ಜೀರ್ಣವಾಗಲಿಲ್ಲ. ಮಾರುವುದಿಲ್ಲ, ತಿನ್ನುವುದಿಲ್ಲ, ದೇವರಿಗೂ ಇಡುವುದಿಲ್ಲ, ಮತ್ತೆ ಯಾಕೆ? ಏನೋ ಒಂದಕ್ಕೆ ಇರಲೇಬೇಕು. ಅಪ್ಪನಿಗೆ ಮಾತ್ರ ಅದರಲ್ಲಿ ಹೆಮ್ಮೆ. ಹುಚ್ಚಿಯನ್ನು ಕಟ್ಟಿಕೊಂಡಿದ್ದೇನೆ ಎಂದು ಹೊರಗೆ ಹೇಳಿಕೊಂಡರೂ ಬ್ಯಾಟರಿಗೆ ತಂದ ಡಿಸ್ಟಿಲ್ಡ್ ವಾಟರ್‌ನ ಕ್ಯಾನನ್ನು ಮೊದಲು ಬಚ್ಚಲಿಗೆ ಮುಟ್ಟಿಸುತ್ತಿದ್ದರು. ಗಿರಾಕಿಗಳಿಗೆ, "ಇಲ್ಲಿ ಬ್ಯಾಟರಿಗಿಂತ ನನ್ನ ಹೆಂಡತಿಯೇ ಜಾಸ್ತಿ ನೀರು ಕುಡೀತಾಳೆ ಮಾರಾಯ್ರೆ," ಎಂದು ತಮಾಷೆ ಮಾಡುತ್ತಿದ್ದರು. ಲಿಂಬೆರಸಕ್ಕೆ ಸುಣ್ಣ ಹಾಕಿದರೆ ಸಿಗುವ ಉಪ್ಪು ಉಳಿದವುಗಳ ಹಾಗಲ್ಲ, ತಣ್ಣೀರಿನಲ್ಲಿ ಕರಗಿರುತ್ತದೆ, ಕಾಯಿಸಿದರೆ ಹೊರಗೆ ಬರುತ್ತದೆ. ಅಮ್ಮ ಮೊದಲ ಸಲ ಅದನ್ನು ಮಾಡಿ ತೋರಿಸಿದ ದಿನ ಅಪ್ಪ ಅಂಗಡಿ ಬಿಟ್ಟು ಬಂದು, ಆಸಿಡಿನ ಕೈ ಹಿಂದಕ್ಕೆ ಕಟ್ಟಿಕೊಂಡು, ಪಾತ್ರೆಗೆ ಬಗ್ಗಿ ನಿಂತಿದ್ದರು. ತಿಳಿಯಾಗಿದ್ದ ನೀರು ಕುದಿಯುತ್ತ ಕುದಿಯುತ್ತ ಹಾಲಾಯಿತು. "ಅಬ್ಬ ನಿನ್ನ," ಎಂದರು ಅಪ್ಪ. ಅವರಿಬ್ಬರನ್ನು ನೆನೆಯುವಾಗ ನಾನು ಬೇಕೆಂದೇ ಆ ದಿನದಿಂದ ಶುರು ಮಾಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಹೇಳುವ ಶಕ್ತಿ ನನಗಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಶುಗರ್ ಇರುವುದು ಗೊತ್ತಾಯಿತು. ಮಾತ್ರೆ ಕೊಟ್ಟರು. ಅಜ್ಜಿಗೆ ಮಾತ್ರೆಯ ಮೇಲೆ ನಂಬಿಕೆ ಇಲ್ಲ, ಅತ್ತೆಗೆ ಮಾತ್ರೆ ಕೊಟ್ಟವರ ಮೇಲೆ ನಂಬಿಕೆ ಇಲ್ಲ. ವಿಟ್ಲದಲ್ಲಿ ಯಾರೋ ದಿನಾ ಖಾಲಿ ಹೊಟ್ಟೆಗೆ ಒಂದು ಲೋಟ ಬಿಂಬುಳಿ ರಸ ಕುಡಿದು ಶುಗರ್ ಇಳಿಸಿಕೊಂಡಿದ್ದರಂತೆ. ಹಿತ್ತಿಲಲ್ಲೇ ಮರ ಇರುವಾಗ ಇನ್ನು ಕೇಳುವುದೇನು? ನಮ್ಮಲ್ಲಿ ಹುಳಿ ಎಂದರೆ ಸಿಹಿಗೆ ಶತ್ರು. ಶತ್ರುವಿನ ಶತ್ರು ಮಿತ್ರ ಎಂಬಷ್ಟು ಸುಲಭದ ಲೆಕ್ಕ. ಮರುದಿನವೇ ಅಜ್ಜಿ ಕಾಯಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಹಲ್ಲು ಜುಮ್ಮೆನ್ನುವ ಆ ರಸವನ್ನು ಅಪ್ಪನ ಎದುರು ಹಿಡಿದರು. ಅತ್ತೆ ಪಕ್ಕದಲ್ಲಿ ನಿಂತಿದ್ದರು. ಅಮ್ಮ ಒಳಗಿನಿಂದ ಬಂದು, ಆ ಲೋಟದಿಂದ ಸ್ವಲ್ಪವನ್ನು ಒಂದು ಗಾಜಿನ ಗ್ಲಾಸಿಗೆ ಬಗ್ಗಿಸಿ, ಸುಣ್ಣದ ತಿಳಿನೀರು ಹಾಕಿದಳು. ಗ್ಲಾಸಿನಲ್ಲಿ ಬಿಳಿ ಗಸಿ ಕೂತಿತು. ಮೇಲಿನಿಂದ ವಿನೆಗರ್ ಸುರಿದಳು. ಬಿಳಿ ಹಾಗೆಯೇ ಉಳಿಯಿತು.

"ನೋಡಿ. ಬೇರೆ ಸುಣ್ಣದ ಉಪ್ಪಾದ್ರೆ ವಿನೆಗರಿನಲ್ಲಿ ಕರಗ್ತಿತ್ತು. ಇದು ಕರಗುವುದಿಲ್ಲ. ಈ ಕಾಯಿಯಲ್ಲಿ ಆಕ್ಸಾಲಿಕ್ ಅಂತ ಹುಳಿ ಉಂಟು. ಸಾರಿಗೆ ನಾಲ್ಕು ಕಾಯಿ ಹಾಕಿದ್ರೆ ಏನಾಗುವುದಿಲ್ಲ. ದಿನಾ ಲೋಟಗಟ್ಟಲೆ ಕುಡಿದ್ರೆ ರಕ್ತದಲ್ಲಿ ಸುಣ್ಣದ ಅಂಶ ಉಂಟಲ್ಲ, ಅದಕ್ಕೆ ಸೇರಿ ಕಿಡ್ನಿಯಲ್ಲಿ ಹೀಗೆ ಬಿಳಿಯಾಗಿ ಕೂತುಕೊಳ್ತದೆ. ಮೂತ್ರದ ಕಲ್ಲು ಅಂದ್ರೆ ಇದೇ."

ಅಪ್ಪ ಗ್ಲಾಸನ್ನು ನೋಡಿದರು, ಆಮೇಲೆ ತಮ್ಮ ಅಕ್ಕನ ಮುಖ ನೋಡಿದರು. ಅಮ್ಮ ಇದನ್ನೇ ಅವರೊಬ್ಬರಿಗೇ ಹೇಳಿದ್ದರೆ ಕೇಳುತ್ತಿದ್ದರೋ ಏನೋ. ಆದರೆ ಅಮ್ಮನಿಗೆ ಸತ್ಯ ಗೊತ್ತಿರುವಾಗ ಎದುರು ಯಾರಿದ್ದಾರೆ ಎಂದು ನೋಡುವ ಅಭ್ಯಾಸ ಇರಲಿಲ್ಲ.

"ಅಂದ್ರೆ ನನ್ನ ಅಕ್ಕ ನನಗೆ ವಿಷ ಕೊಡ್ತಾಳೆ ಅಂತ ಹೇಳುವುದಾ ನೀನು?" ಎಂದರು ಅಪ್ಪ. ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದರು.

ಅಮ್ಮ ಮತ್ತೆ ವಾದ ಮಾಡಲಿಲ್ಲ. ಅತ್ತೆ ವಿಟ್ಲಕ್ಕೆ ಹೋದ ಮೇಲೆ, ಅಜ್ಜಿಯ ಕೈ ನೋಯುತ್ತದೆ, ಜಜ್ಜುವ ಕೆಲಸ ತಾನೇ ಮಾಡುತ್ತೇನೆ ಎಂದಳು. ಅಜ್ಜಿಗೂ ಖುಷಿಯಾಯಿತು, ಸೊಸೆಗೆ ಬುದ್ಧಿ ಬಂತು ಎಂದುಕೊಂಡರು. ಅಮ್ಮ ಹಿಂದಿನ ಸಂಜೆಯೇ ಕಾಯಿ ಹಿಂಡಿ, ರಸಕ್ಕೆ ಸುಣ್ಣ ಕದಡಿ ಇಡುತ್ತಿದ್ದಳು. ಬೆಳಗಾಗುವಾಗ ಕೆಟ್ಟದ್ದೆಲ್ಲ ಬಿಳಿಯಾಗಿ ತಳಕ್ಕೆ ಇಳಿದಿರುತ್ತಿತ್ತು. ಮೇಲಿನ ತಿಳಿಯನ್ನು ದಪ್ಪ ಬಟ್ಟೆಯಲ್ಲಿ ಎರಡು ಸಲ ಸೋಸಿ, ಹುಳಿ ಕಡಿಮೆಯಾದದ್ದು ಗೊತ್ತಾಗದ ಹಾಗೆ ಲಿಂಬೆ ಹಿಂಡಿ, ಅಪ್ಪನಿಗೆ ಕೊಡುತ್ತಿದ್ದಳು. ಅಪ್ಪ ಕಣ್ಣು ಕಿರಿದು ಮಾಡಿ ಕುಡಿದು, "ಈಗ ಸ್ವಲ್ಪ ಅಭ್ಯಾಸ ಆಯ್ತು ನನಗೆ," ಎನ್ನುತ್ತಿದ್ದರು. ಮಾತ್ರೆಯನ್ನೂ ಅಮ್ಮ ತಪ್ಪದೆ ನುಂಗಿಸುತ್ತಿದ್ದಳು. ಶುಗರ್ ಇಳಿಯಿತು. ಕೀರ್ತಿ ಬಿಂಬುಳಿಗೆ ಹೋಯಿತು, ಅತ್ತೆಗೂ ಒಂದು ಪಾಲು ಹೋಯಿತು. ಅಮ್ಮನಿಗೆ ಅದರ ಬೇಸರ ಇರಲಿಲ್ಲ. ಅಪ್ಪ ಲೋಟ ಕೆಳಗಿಡುವವರೆಗೆ ಅವರ ಗಂಟಲನ್ನೇ ನೋಡುತ್ತ ನಿಲ್ಲುತ್ತಿದ್ದಳು, ಅಷ್ಟೇ. ಮಳೆ ಹೋಗಿ ಚಳಿ ಬಂದು ಬೇಸಿಗೆ ಮೊದಲಾಗುವವರೆಗೂ ಹೀಗೆಯೇ ನಡೆಯಿತು.

ಬೇಸಿಗೆಯಲ್ಲಿ ಬಂಟ್ವಾಳದಲ್ಲೊಂದು ಮದುವೆಗೆ ಬಂದ ಅತ್ತೆ ನಮ್ಮಲ್ಲಿ ಉಳಿದರು. ಬೆಳಿಗ್ಗೆ ಮುಖ ತೊಳೆಯಲು ಬಚ್ಚಲಿಗೆ ಹೋದವರು ರಸದ ಪಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಡುಕೋಣೆಗೆ ಬಂದರು. ತಳದಲ್ಲಿ ಬಿಳಿ ಗಸಿ ಇತ್ತು.

"ಇದೆಂತ?"

"ಸುಣ್ಣ ಹಾಕಿದ್ದು ಅತ್ತಿಗೆ," ಎಂದಳು ಅಮ್ಮ. "ಆವತ್ತು ಹೇಳಿದೆನಲ್ಲ, ಆ ಹುಳಿ ಅದರಲ್ಲಿ ಕೆಳಗೆ ಕೂತುಕೊಳ್ತದೆ. ಮೇಲಿನದನ್ನು ಕೊಡ್ತೇನೆ."

"ಎಷ್ಟು ಸಮಯದಿಂದ?"

"ಮೊದಲಿಂದಲೇ."

ಅಪ್ಪ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಸಿಟ್ಟಾದ ಅಪ್ಪನನ್ನು ನಾನು ಬಲ್ಲೆ. ಸಿಟ್ಟು ಬಂದರೆ ಕೂಗುತ್ತಿದ್ದರು, ಸ್ವಲ್ಪ ಹೊತ್ತಿಗೆ ಚಹಾ ಕೇಳುತ್ತಿದ್ದರು. ಅವತ್ತು ಕೂಗಲಿಲ್ಲ.

"ನನಗೆ ಹೇಳದೆ ನನ್ನ ಹೊಟ್ಟೆಗೆ ಹಾಕಿದ್ದಾ?"

"ಹೇಳಿದ್ರೆ ನೀವು ಬಿಡ್ತಿರಲಿಲ್ಲ."

"ಹೌದು. ಬಿಡ್ತಿರಲಿಲ್ಲ."

ಅಮ್ಮ ಇನ್ನೂ ಏನೋ ಹೇಳಲು ಹೊರಟಳು. ಅಪ್ಪ ಅಂಗಡಿಗೆ ಇಳಿದು ಹೋದರು. ಅವತ್ತಿನಿಂದ ರಸ ಹಿಂಡುವ ಕೆಲಸ ಅಜ್ಜಿಯದ್ದು. ಇಷ್ಟು ತಿಂಗಳು ಮಗನ ಹೊಟ್ಟೆಗೆ ಹೋದದ್ದು ಕಲಬೆರಕೆ ಎಂದು ಗೊತ್ತಾದ ಮೇಲೆ, ಬಿಟ್ಟು ಹೋದದ್ದನ್ನು ತುಂಬಿಸಬೇಕೆಂದು ಬೆಳಿಗ್ಗೆ ಒಂದು ದೊಡ್ಡ ಲೋಟ, ಸಂಜೆ ಒಂದು ದೊಡ್ಡ ಲೋಟ. ಅಜ್ಜಿ ಅದನ್ನು ಪ್ರೀತಿಯಿಂದ ಮಾಡಿದರು, ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಊದಿಕೊಂಡ ಬೆರಳುಗಳಲ್ಲಿ ಬಟ್ಟೆ ತಿರುಚಿ ತಿರುಚಿ ಕೊನೆಯ ಹನಿಯನ್ನೂ ಹಿಂಡುತ್ತಿದ್ದರು. ಅಮ್ಮ ಅಪ್ಪನನ್ನು ಬೇಡಿಕೊಂಡಳು, ಜಗಳ ಮಾಡಿದಳು, ಒಂದು ದಿನ ಊಟ ಬಿಟ್ಟಳು. ಅಪ್ಪ ಅವಳ ಜೊತೆ ಮಾತು ಬಿಟ್ಟಿದ್ದರು. ಸುಡುಬಿಸಿಲಿನ ದಿನಗಳು ಬೇರೆ. ಬ್ಯಾಟರಿಗಳ ಮಧ್ಯೆ ಬೆವರಿ ಬೆವರಿ ಒಣಗುತ್ತಿದ್ದ ಅಪ್ಪ ಕೆಲವೇ ವಾರಗಳಲ್ಲಿ ಊಟ ಸೇರುವುದಿಲ್ಲ ಎಂದರು, ವಾಂತಿ ಮಾಡಿದರು, ಪಾದ ಊದಿತು, ಆಮೇಲೆ ಮೂತ್ರ ನಿಂತಿತು.

ಮಂಗಳೂರಿನ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಾಕಿ ರಕ್ತ ತೊಳೆದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನಿಂತು ಮಾತಾಡಲು ಅವರಿಗೆ ಪುರುಸೊತ್ತು ಇರಲಿಲ್ಲ. ಏನೇನು ತಿಂದಿದ್ದಾರೆ, ಕುಡಿದಿದ್ದಾರೆ ಎಂದು ಕೇಳಿದಾಗ ಅಮ್ಮ ಔಷಧಿಯ ಸಾಲಿನಲ್ಲಿ ಕೆಳಗಿದ್ದಳು. ನಾನು, ಅತ್ತೆ, ಅಜ್ಜಿ ಮೇಲೆ.

"ಆ ಕಾಯಿಯ ರಸ ಮೊದಲು ನಿಲ್ಲಿಸಿ," ಎಂದರು ಡಾಕ್ಟರು. "ಅದರಿಂದಲೇ ಆಗಿರಬಹುದು. ಅದಕ್ಕೆ ಬೇರೆ ಏನಾದರೂ ಸೇರಿಸುತ್ತಿದ್ದಿರಾ?"

"ಸೇರಿಸ್ತಾ ಇದ್ಳು," ಎಂದರು ಅತ್ತೆ. "ಹೆಂಡತಿ. ಮನೆ ತುಂಬ ಸೀಸೆ ಉಂಟು ಅವಳದ್ದು."

ಅಮ್ಮ ಮೇಲೆ ಬಂದು ಡಾಕ್ಟರ ಹಿಂದೆಯೇ ನಡೆಯುತ್ತ, ಸುಣ್ಣ ಹಾಕುವಾಗ ಏನೂ ಆಗಿರಲಿಲ್ಲ, ನಿಲ್ಲಿಸಿದ ಮೇಲೆ ಆದದ್ದು ಎಂದಳು. ಅವರು ತಲೆಯಾಡಿಸಿ, "ಹಾಗೂ ಇರಬಹುದು, ಒಟ್ಟಿನಲ್ಲಿ ನಿಲ್ಲಿಸಿ," ಎಂದು ಮುಂದಿನ ಹಾಸಿಗೆಗೆ ಹೋದರು. ಅಮ್ಮನ ಪಾಲಿಗೆ ಅಲ್ಲಿಗೆ ಎಲ್ಲ ತೀರ್ಮಾನವಾಗಿತ್ತು. ಅತ್ತೆಯ ಪಾಲಿಗೂ ಆಗಿತ್ತು, ಬೇರೆ ರೀತಿಯಲ್ಲಿ. ನಾವು ಊರಿಗೆ ಬರುವ ಮೊದಲೇ ಮಾತು ಊರಿಗೆ ಬಂದಿತ್ತು. ನಾನು ಶಾಲೆಗೆ ಹೋದರೆ ಹುಡುಗಿಯರು ನನ್ನ ಬುತ್ತಿಯ ಉಪ್ಪಿನಕಾಯಿ ಮುಟ್ಟಲಿಲ್ಲ. ಬಚ್ಚಲಿನ ಸೀಸೆಗಳನ್ನೆಲ್ಲ ಅತ್ತೆ ಗೋಣಿಗೆ ತುಂಬಿಸಿ ಹೊಳೆಗೆ ಹಾಕಿಸಿದರು. ಹರಳು ಹರಳಾಗಿ ಅಷ್ಟು ವರ್ಷ ಕೂಡಿಟ್ಟದ್ದು ನೀರಿಗೆ ಬಿತ್ತು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನೋಡಿದಳು, ತಡೆಯಲಿಲ್ಲ.

ಅಪ್ಪ ಮನೆಗೆ ಬಂದರು, ಬಿಳಿಚಿಕೊಂಡು, ಅರ್ಧ ಮನುಷ್ಯನಾಗಿ. ವಾರಕ್ಕೆರಡು ಸಲ ಮಂಗಳೂರಿಗೆ ಹೋಗಿ ರಕ್ತ ತೊಳೆಸಿಕೊಳ್ಳಬೇಕು. ಕಿಡ್ನಿಗೆ ಇನ್ನೂ ಜೀವ ಇದೆ, ಸುಧಾರಿಸಿದರೂ ಸುಧಾರಿಸಬಹುದು, ಇನ್ನೊಂದು ಪೆಟ್ಟು ಬಿದ್ದರೆ ಮಾತ್ರ ಕಷ್ಟ ಎಂದಿದ್ದರು. ಈ ಮಾತನ್ನು ಅಮ್ಮ ಮನೆಯಲ್ಲಿ ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳಿದಳು, ನನಗೂ ಹೇಳಿದಳು. ಆದರೆ ಹಾಸಿಗೆ ಹಿಡಿದ ಮಗನ ಶುಗರ್ ಮತ್ತೆ ಏರಿದ್ದು ಅಜ್ಜಿಯ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಅವರು ಮತ್ತೆ ಕಾಯಿ ಜಜ್ಜುತ್ತಿದ್ದಾರೆ. ಅಮ್ಮ ಆ ಲೋಟವನ್ನು ಎತ್ತಿ ಅಂಗಳಕ್ಕೆ ಚೆಲ್ಲಿದಳು. ಅಜ್ಜಿ ಎದೆಗೆ ಬಡಿದುಕೊಂಡರು. ವಿಟ್ಲಕ್ಕೆ ಫೋನ್ ಹೋಯಿತು, ಸಂಜೆಯ ಬಸ್ಸಿಗೆ ಅತ್ತೆ ಬಂದರು.

"ನಮ್ಮ ಹಿತ್ತಿಲ ಬಿಂಬುಳಿ ತಿಂದು ಯಾರೂ ಸತ್ತದ್ದಿಲ್ಲ," ಎಂದರು ಅಜ್ಜಿ. "ಡಾಕ್ಟರು ನಿಲ್ಲಿಸ್ಲಿಕ್ಕೆ ಹೇಳಿದ್ದು ನೀನು ಕೈ ಹಾಕಿದ್ದಕ್ಕೆ. ಇನ್ನು ಮಾತು ಬೇಡ. ದೈವದ ಎದುರು ಪ್ರಮಾಣ ಆಗಲಿ. ಕೆಟ್ಟದ್ದು ಏನೂ ಹಾಕ್ಲಿಲ್ಲ ಅಂತ ನೀನು ಹೇಳಿದ್ರೆ ನೀನೂ ಶುದ್ಧ, ರಸವೂ ಶುದ್ಧ. ಮರುದಿನದಿಂದ ನಾನೇ ಹಿಂಡಿ ಕೊಡ್ತೇನೆ. ಹೇಳ್ಲಿಕ್ಕೆ ಆಗದಿದ್ರೆ ಈ ಮನೆಗೆ ನೀನೂ ಬೇಡ, ಆ ರಸವೂ ಬೇಡ."

"ಪ್ರಮಾಣ ಮಾಡಿದ್ರೆ ಮತ್ತೆ ಕೊಡ್ತೀರಾ ಅವರಿಗೆ?" ಎಂದು ಅಮ್ಮ ಕೇಳಿದಳು.

"ಕೊಡದೆ? ಅವನು ಬದುಕುವುದು ಬೇಡವಾ ನಿನಗೆ?"

ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ಗೋಡೆಗೆ ಒರಗಿ ಕುಳಿತಿದ್ದರು.

"ನೀವಾದ್ರೂ ಹೇಳಿ, ಕುಡಿಯುವುದಿಲ್ಲ ಅಂತ."

"ಅಮ್ಮ ಕೊಟ್ಟದ್ದನ್ನು ಬೇಡ ಅಂತ ಹೇಗೆ ಹೇಳುವುದು?" ಎಂದರು ಅಪ್ಪ. ಆಮೇಲೆ, ಎಷ್ಟೋ ವಾರಗಳ ಮೇಲೆ, ಅವಳೊಟ್ಟಿಗೆ ಸರಿಯಾಗಿ ಮಾತಾಡಿದರು. "ನೋಡು, ನೀನು ಕೆಟ್ಟದ್ದು ಮಾಡ್ಲಿಲ್ಲ ಅಂತ ನನಗೆ ಗೊತ್ತುಂಟು. ಒಂದು ಮಾತು ಹೇಳಿ ಬಿಡು. ಎಲ್ಲ ಮುಗಿಸಿ ಮನೆಗೆ ಬರುವ."

ಅಪ್ಪನ ಕುಟುಂಬದ ಮೂಲಮನೆಯಲ್ಲಿ ದೈವದ ಚಾವಡಿ. ಅಲ್ಲಿ ಆಡಿದ ಮಾತಿಗೆ ಮೇಲ್ಮನವಿ ಇಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವರೂ ಆ ದೀಪದ ಎದುರು ನಾಲಗೆ ಒಣಗಿಸಿಕೊಳ್ಳುತ್ತಿದ್ದರು. ಅಪ್ಪನನ್ನು ಜೀಪಿನಲ್ಲಿ ಕರೆತಂದು ಕಂಬಕ್ಕೆ ಒರಗಿಸಿ ಕೂರಿಸಿದರು. ದೈವದ ಎದುರು ಕುಟುಂಬದ ಪರವಾಗಿ ನಿಲ್ಲುವ ಹಿರಿಯರನ್ನು ನಮ್ಮಲ್ಲಿ ಗುರಿಕಾರರು ಎನ್ನುತ್ತಾರೆ. ನಮ್ಮ ಗುರಿಕಾರರು ಕೆಟ್ಟವರಲ್ಲ. ಅಮ್ಮನನ್ನು ನೋಡಿ ಅವರಿಗೇ ಕಸಿವಿಸಿಯಾಗಿತ್ತು. ಬೇಗ ಮುಗಿಸುವ ಮನಸ್ಸಿತ್ತು. ಬಾಳೆಲೆಯ ತುಂಡಿನಲ್ಲಿ ಗಂಧ ಇಟ್ಟು ಅಮ್ಮನ ಎದುರು ಹಿಡಿದರು.

"ಕೆಟ್ಟದ್ದು ಏನೂ ಹಾಕ್ಲಿಲ್ಲ ಅಂತ ಒಂದು ಮಾತು ಹೇಳಿ ಇದನ್ನು ತಗೊಳ್ಳಿ ಅಮ್ಮ. ಅಷ್ಟೇ. ಮತ್ತೆ ಯಾರೂ ಮಾತಾಡ್ಲಿಕ್ಕಿಲ್ಲ."

ಅದು ನಿಜ. ಅವಳು ಹೇಳಬಹುದಾಗಿದ್ದ ಮಾತುಗಳಲ್ಲಿ ಅದರಷ್ಟು ನಿಜ ಇನ್ನೊಂದಿರಲಿಲ್ಲ. ನಾನು ಕಂಬದ ಹಿಂದೆ ನಿಂತು, ಹೇಳು, ಹೇಳು ಎಂದು ಒಳಗೊಳಗೇ ಬೇಡುತ್ತಿದ್ದೆ. ಅಮ್ಮ ಕೈ ಚಾಚಿದಳು, ಹಿಂದಕ್ಕೆ ತೆಗೆದಳು.

"ಹಾಕಿದ್ದೇನೆ," ಎಂದಳು.

ಗುರಿಕಾರರು, "ಎಂತ ಹಾಕಿದ್ದು?" ಎಂದರು. ಅಮ್ಮ ಸುಣ್ಣ ಎನ್ನಲಿಲ್ಲ, ಆಕ್ಸಾಲಿಕ್ ಎನ್ನಲಿಲ್ಲ. ಗ್ಲಾಸು ಹಿಡಿದು ಎಲ್ಲರಿಗೂ ಪಾಠ ಹೇಳುತ್ತಿದ್ದವಳು ಬಾಯಿ ಬಿಗಿದುಕೊಂಡು ನಿಂತಳು. ಆಮೇಲೆ, "ರಸಕ್ಕೆ ಹಾಕಿದ್ದೇನೆ. ಮರದ ಬುಡಕ್ಕೂ ಹಾಕಿದ್ದೇನೆ. ಆ ಮರದ್ದು ಯಾವುದನ್ನೂ ಅವರಿಗೆ ಕೊಡಬೇಡಿ," ಎಂದಳು. ಮರದ ಬುಡಕ್ಕೆ ಎಂದದ್ದೂ ಸುಳ್ಳಲ್ಲ. ಅವಳು ಪಾತ್ರೆ ತೊಳೆದ ನೀರು ಬಚ್ಚಲಿನ ತೂಬಿನಿಂದ ಹರಿದು ಅಲ್ಲಿಗೇ ಹೋಗುತ್ತಿತ್ತು, ನಮ್ಮೆಲ್ಲರ ಸ್ನಾನದ ನೀರಿನ ಹಾಗೆಯೇ. ಆದರೆ ಕೇಳುವವರಿಗೆ ಅದೆಲ್ಲ ಯಾಕೆ? ಅತ್ತೆ ನೆಲಕ್ಕೆ ಉಗುಳಿದರು. ಅಪ್ಪ ಅಮ್ಮನನ್ನು ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ; ಒಬ್ಬಳೇ ಇದ್ದಾಗ ಅದು ನೆನಪಾದರೆ ಎದ್ದು ದೀಪ ಹಾಕುತ್ತೇನೆ. ಅವರು ಅಲ್ಲಿಯವರೆಗೆ ಅವಳನ್ನು ನಂಬಿದ್ದರು. ಆ ಕ್ಷಣ ನಂಬಿಕೆ ಹೋಯಿತು. ಹೌದೋ ಅಲ್ಲವೋ ಒಂದೇ ಮಾತಿನಲ್ಲಿ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಸಿಡುಕುತ್ತೇನೆ, ಅದರ ಬೇರು ಆ ಚಾವಡಿಯಲ್ಲಿದೆ.

ಪೊಲೀಸು ಗಿಲೀಸು ಬೇಡ, ಕುಟುಂಬದ ಮರ್ಯಾದೆ ಎಂದು ಗುರಿಕಾರರು ಹೇಳಿದ್ದರಿಂದ ಅಮ್ಮನನ್ನು ಅಲ್ಲಿಂದಲೇ, ಪ್ರಮಾಣಕ್ಕೆ ಬಂದಿದ್ದ ಅವಳ ಅಣ್ಣನ ಜೊತೆ ಮುಂಡಾಜೆಗೆ ಕಳಿಸಿದರು. ಒಂದು ಜೊತೆ ಬಟ್ಟೆಗೂ ಮನೆಗೆ ಬಿಡಲಿಲ್ಲ. ನಾನು ಅಪ್ಪನ ಜೊತೆ ಉಳಿದೆ, ಯಾರೂ ನನ್ನನ್ನು ಕೇಳಲಿಲ್ಲ. ಮರುದಿನ ಆಳುಗಳು ಬಂದು ಬಿಂಬುಳಿ ಮರ ಕಡಿದರು. ವಿಷ ಬೇರಿಗಿಳಿದಿದೆ ಎಂದು ಬುಡ ಅಗೆದು, ಬೇರು ಕಿತ್ತು, ಕಾಯಿಗಳ ಸಮೇತ ಎಲ್ಲವನ್ನೂ ಸುಟ್ಟರು. ಅಪ್ಪನ ಹೊಟ್ಟೆಗೆ ಆಮೇಲೆ ಹುಳಿ ಹೋಗಲಿಲ್ಲ. ಮಳೆ ಹಿಡಿಯುವಾಗ ಪಾದದ ಊತ ಇಳಿಯಿತು, ಹೊಳೆ ತುಂಬುವಾಗ ಮೂತ್ರ ಸರಿಯಾಯಿತು, ಚೌತಿ ಬರುವ ಸೋಣ ತಿಂಗಳ ಹೊತ್ತಿಗೆ ರಕ್ತ ತೊಳೆಯುವುದು ಬೇಡ ಎಂದರು ಡಾಕ್ಟರು. ಅಪ್ಪ ಮತ್ತೆ ಅಂಗಡಿಯಲ್ಲಿ ಕುಳಿತರು. ಅವರು ಬಹಳ ವರ್ಷ ಬದುಕಿದರು, ನನ್ನ ಮದುವೆಯಲ್ಲಿ ಧಾರೆಗೆ ನೀರೂ ಎರೆದರು. ಅಜ್ಜಿ ಬಂದವರಿಗೆಲ್ಲ ಮಗನನ್ನು ತೋರಿಸಿ ಹೇಳುತ್ತಿದ್ದರು: ನೋಡಿ, ಅವಳು ಮನೆ ಬಿಟ್ಟಳು, ಇವನು ಎದ್ದು ಕೂತ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ನಾನು ಬಂದವರ ಚಹಾ ಲೋಟ ತೊಳೆಯುತ್ತಿದ್ದೆ.

ದೀಪಾವಳಿ ರಜೆಗೆ ಮಾವ ಬಂದು ನನ್ನನ್ನು ಮುಂಡಾಜೆಗೆ ಕರೆದುಕೊಂಡು ಹೋದರು. ಅಮ್ಮ ಸೊರಗಿದ್ದಳು. ಅಣ್ಣನ ಮನೆಯ ಅಡುಗೆಮನೆಯಲ್ಲಿ, ಯಾರದೋ ಹಳೆ ಸೀರೆಯಲ್ಲಿ, ತೆಂಗಿನಕಾಯಿ ತುರಿಯುತ್ತಿದ್ದಳು. ನನ್ನನ್ನು ಕಂಡು ಎದ್ದಳು, ಮುಟ್ಟಲು ಬಂದಳು. ನಾನು ದೂರ ಸರಿದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಸಿಟ್ಟು ಅದು. ಒಂದು ಮಾತು ಹೇಳಿದ್ದರೆ ನೀನು ಮನೆಯಲ್ಲಿರುತ್ತಿದ್ದೆ, ನಾನು ಹುಡುಗಿಯರ ಬಾಯಿಗೆ ಬೀಳುತ್ತಿರಲಿಲ್ಲ ಎಂದು ಅಳುತ್ತ ಕೂಗಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಸುಸ್ತಾಗಿ ಕುಳಿತ ಮೇಲೆ ನಿಧಾನ ಕೇಳಿದಳು.

"ಮರ ಕಡಿದ್ರಾ?"

"ಕಡಿದ್ರು."

"ಬುಡ?"

"ಬುಡ ಅಗೆದು ಸುಟ್ಟರು."

"ಪಕ್ಕದ ಮನೆಯಿಂದ ಕಾಯಿ ತರಿಸುವುದುಂಟಾ?"

"ಇಲ್ಲ. ಬಿಂಬುಳಿ ಅಂತ ಹೆಸರೆತ್ತಿದ್ರೆ ಅಜ್ಜಿ ಹೆದರ್ತಾರೆ."

ಅಮ್ಮ ತುರಿಮಣೆಯ ಮೇಲೆ ಮತ್ತೆ ಕುಳಿತಳು. ನನಗೆ ಅವಳನ್ನು ನೋಯಿಸಬೇಕು ಅನಿಸಿತು.

"ನೀನು ಹೋದ ಮೇಲೆಯೇ ಗುಣ ಆದದ್ದು ಅಂತ ಎಲ್ಲರೂ ಹೇಳ್ತಾರೆ," ಎಂದೆ. "ಅಪ್ಪನೂ ಹೇಳ್ತಾರೆ."

ಅವಳ ಕೈ ನಿಂತಿತು.

"ಅಪ್ಪನೂ ಹೇಳ್ತಾರಾ?"

"ಹ್ಞೂಂ."

"ನಂಬಿ ಹೇಳ್ತಾರಾ?"

"ನಂಬಿಯೇ."

ಅವಳು ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಾಗಾದ್ರೆ ಅವರು ಇನ್ನು ಕುಡಿಯುವುದಿಲ್ಲ," ಎಂದಳು.